ಕಹಳೆಯ ಬಾಯಿ ಬಿಗಿದಾಗ

ಕನ್ನಡ ಕಾವ್ಯವು ಕಹಳೆಯ ದನಿಯನ್ನು ಸಾವಿರ ವರ್ಷಗಳಿಂದ ಕೇಳುತ್ತ ಬಂದಿದೆ. ಪಂಪ, ರನ್ನರ ಯುದ್ಧವರ್ಣನೆಗಳಲ್ಲಿ ವಾದ್ಯಗಳ ಮೊಳಗಿಲ್ಲದೆ ಸೈನ್ಯ ಹೊರಡುವುದಿಲ್ಲ. ರಾಷ್ಟ್ರಕೂಟರ ಹಾಗೂ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಸಾಮಂತರಿಗೂ ಮಹಾಮಂಡಳೇಶ್ವರರಿಗೂ ಸಲ್ಲುತ್ತಿದ್ದ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣವು ಶಾಸನಾಭ್ಯಾಸಿಗಳಿಗೆ ಚಿರಪರಿಚಿತವಾದುದು. ಐದು ವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕು ಅದು. ಆ ಐದನ್ನು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಒಂದು ಪರಂಪರೆ ಎಣಿಸುತ್ತದೆ. ಇವುಗಳಲ್ಲಿ ಶೃಂಗ ಮತ್ತು ಶಂಖಗಳೆರಡೂ ತುಟಿಯ ಕಂಪನದಿಂದಲೇ ದನಿಗೊಳ್ಳುವಂಥವು. ಅಧಿಕಾರವು ತನ್ನ ಇರವನ್ನು ಲೋಕಕ್ಕೆ ಸಾರಲು ಹೆಸರಿಲ್ಲದ ಯಾರೋ ಒಬ್ಬನ ತುಟಿಯನ್ನೂ ಉಸಿರನ್ನೂ ಆಶ್ರಯಿಸಿತ್ತು.

ಆದರೆ ಕಾವ್ಯವು ಕೇಳಿದ್ದು ದನಿಯನ್ನು ಮಾತ್ರ. ಆ ದನಿ ಹೊರಡುವ ಬಾಯಿಯನ್ನು, ಅದನ್ನು ತೊಳೆದು ಒರೆಸಿ ಸರಿಪಡಿಸುವ ಕೈಯನ್ನು ಅದು ನೋಡಲಿಲ್ಲ. ವಾದ್ಯವು ಕೆಟ್ಟಿತೆಂಬ ಸಂಗತಿಯೇ ನಮ್ಮ ಸಾಹಿತ್ಯದಲ್ಲಿ ವಿರಳ. ಕನ್ನಡಿಗರೆಲ್ಲರೂ ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಒಂದು ನಿದರ್ಶನವಿದೆ. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಯಲ್ಲಿ ಬಾಲಕನೊಬ್ಬನ ಆಟಿಕೆ ತುತ್ತೂರಿ ಕೊಳದ ನೀರಿಗೆ ಜಾರಿ, ಗಂಟಲು ಕಟ್ಟಿ, ಬಣ್ಣ ಕಳೆದುಕೊಳ್ಳುತ್ತದೆ. ಜಂಬಕ್ಕೆ ತಕ್ಕ ಶಾಸ್ತಿಯಾಯಿತೆಂಬಲ್ಲಿಗೆ ಪದ್ಯ ಮುಗಿಯುತ್ತದೆ. ತುತ್ತೂರಿಯನ್ನು ಯಾರೂ ರಿಪೇರಿ ಮಾಡುವುದಿಲ್ಲ. ಮಕ್ಕಳ ಪದ್ಯಕ್ಕೆ ಅದು ಬೇಕಾಗಿಯೂ ಇಲ್ಲ. ಆದರೂ ವಾದ್ಯ ಕೆಟ್ಟರೆ ಅದರಿಂದ ನೀತಿಯನ್ನು ಹೊರಡಿಸಬಹುದು, ದನಿಯನ್ನು ಮತ್ತೆ ಹೊರಡಿಸುವ ಬಗೆಯನ್ನು ಚಿಂತಿಸಬೇಕಾಗಿಲ್ಲ ಎಂಬ ಒಂದು ಮನೋಧರ್ಮ ಇಲ್ಲಿ ತಾನಾಗಿಯೇ ಪ್ರಕಟವಾಗಿದೆ.

ಕನ್ನಡಕ್ಕೆ ಉಪಯುಕ್ತ ವಿದ್ಯೆಗಳ ಬಗ್ಗೆ ಅನಾದರವಿತ್ತು ಎಂದು ಇದರಿಂದ ತೀರ್ಮಾನಿಸಲಾಗದು. 1049ರಲ್ಲಿ ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ಬರೆದನು. 12ನೆಯ ಶತಮಾನದಲ್ಲಿ ಕೀರ್ತಿವರ್ಮನು ದನಕರುಗಳ ರೋಗಗಳಿಗೆ ‘ಗೋವೈದ್ಯ’ವನ್ನೂ ರಾಜಾದಿತ್ಯನು ಲೆಕ್ಕ ಮಾಡುವವರಿಗೆ ‘ವ್ಯವಹಾರಗಣಿತ’ವನ್ನೂ ರಚಿಸಿದರು. ಒಂದನೆಯ ಮಂಗರಾಜನು ವಿಷಚಿಕಿತ್ಸೆಗೆ ‘ಖಗೇಂದ್ರಮಣಿದರ್ಪಣ’ವನ್ನು, ಮೂರನೆಯ ಮಂಗರಸನು ಅಡುಗೆಗೆ ‘ಸೂಪಶಾಸ್ತ್ರ’ವನ್ನು ಕೊಟ್ಟರು. ಇವರೆಲ್ಲರೂ ಜೈನ ಗ್ರಂಥಕಾರರು. ಹಸುವಿನ ಕೆಚ್ಚಲು, ಹಾವಿನ ಹಲ್ಲು, ಒಲೆಯ ಮೇಲಿನ ಪಾತ್ರೆ, ಇವು ಶಾಸ್ತ್ರಕ್ಕೆ ಸಲ್ಲದ ಕ್ಷುದ್ರ ವಿಷಯಗಳೆಂದು ಅವರು ಭಾವಿಸಲಿಲ್ಲ. ಅದೇ ಪರಂಪರೆಯ ಬೆಳಕಿನಲ್ಲಿ ಇಂದಿನ ಒಂದು ಕ್ಷುದ್ರ ವಿಷಯವನ್ನೂ ನೋಡಬಹುದು: ಹಿತ್ತಾಳೆಯ ಊದುವಾದ್ಯವೊಂದರ ಮೌತ್‌ಪೀಸು ಕೊಳವೆಯಲ್ಲಿ ಬಿಗಿದು ಕುಳಿತರೆ ಅದನ್ನು ಬಿಡಿಸುವುದು ಹೇಗೆ?

ಶಂಖದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅದರ ಬಾಯಿ ಅದರ ಮೈಯೇ ಆಗಿದೆ. ಬಿಗಿಯುವುದಕ್ಕೆ ಎರಡು ವಸ್ತುಗಳು ಬೇಕು. ಊದುವ ಬಾಯಿಯನ್ನು ವಾದ್ಯದಿಂದ ಬೇರ್ಪಡಿಸಿ ಜೇಬಿನಲ್ಲಿ ಇಟ್ಟುಕೊಂಡು ಹೋಗುವ ರೂಢಿಯು ನಮ್ಮಲ್ಲಿ ಮುಖ್ಯವಾಗಿ ಸೈನ್ಯದ ಬ್ಯಾಂಡಿನೊಡನೆ ಬಂದು, ಅಲ್ಲಿಂದ ಅರಮನೆಗೂ ಮದುವೆಯ ಮೆರವಣಿಗೆಗೂ ಹಬ್ಬಿತು. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಕರ್ನಾಟಕ ಸಂಗೀತದ ಬ್ಯಾಂಡೂ ಇದ್ದವು. ಜರ್ಮನಿಯ ಆಟೋ ಸ್ಮಿತ್ ಅವರು 20ನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿ ವಾದ್ಯವೃಂದವನ್ನು ನಿರ್ದೇಶಿಸಿದರು. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಅರಮನೆಯ ಆಶ್ರಯವಿರಲಿಲ್ಲ. ಕರಡಿಮಜಲು, ಸನಾದಿ, ಹಲಗೆಗಳ ನೆರೆಯಲ್ಲಿಯೇ ಕಾರ್ನೆಟ್ಟು, ಯುಫೋನಿಯಂಗಳು ಬಂದು ನಿಂತವು. ವರನು ಕುದುರೆಯೇರಿದಾಗ, ಗಣಪತಿಯು ನೀರಿಗೆ ಹೊರಟಾಗ, ಜಾತ್ರೆಯ ತೇರು ಎಳೆಯುವಾಗ ಅವು ಮೊಳಗಿದವು. ಸಾಮಂತರ ಪಂಚಮಹಾಶಬ್ದದ ಹಕ್ಕು ಒಂದು ದಿನದ ಮಟ್ಟಿಗೆ, ಬಾಡಿಗೆಯ ಮೇಲೆ, ಸಾಮಾನ್ಯ ಗೃಹಸ್ಥನಿಗೂ ದೊರಕಿತು.

ಹುಬ್ಬಳ್ಳಿಯ ದೇಶಪಾಂಡೆ ನಗರವು ಈ ವಿಚಾರವನ್ನು ಮಾಡಲು ತಕ್ಕ ಸ್ಥಳ. ಸವಾಯಿ ಗಂಧರ್ವರ ಹೆಸರಿನ ಸಭಾಭವನ ಅಲ್ಲಿದೆ. ಗಂಗೂಬಾಯಿ ಹಾನಗಲ್ಲರು ಬಾಳಿದ ‘ಗಂಗಾಲಹರಿ’ಯೂ ಅಲ್ಲಿಯೇ ಇದೆ. ಕುಂದಗೋಳದ ಸವಾಯಿ ಗಂಧರ್ವರು (1886–1952) ಕಿರಾನಾ ಘರಾಣೆಯ ಅಬ್ದುಲ್ ಕರೀಮ್ ಖಾನರ ಶಿಷ್ಯರು; ಗಂಗೂಬಾಯಿಯವರೂ (1913–2009) ಭೀಮಸೇನ ಜೋಶಿಯವರೂ (1922–2011) ಸವಾಯಿ ಗಂಧರ್ವರ ಶಿಷ್ಯರು. ಈ ಘರಾಣೆಗೆ ತಂಬೂರಿಯ ಶ್ರುತಿಯೇ ಪ್ರಾಣ. ಕಛೇರಿ ಆರಂಭವಾಗುವ ಮುನ್ನ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ, ತಂತಿಯ ಕೆಳಗಿನ ಜೀವಾಳದ ನೂಲನ್ನು ಇನ್ನಷ್ಟು ಸರಿಸಿ, ಮತ್ತೆ ಮೀಟಿ, ಮತ್ತೆ ಕೇಳಿ ಕಲಾವಿದರು ಶ್ರುತಿ ಕೂಡಿಸುತ್ತಾರೆ. ಸಭೆಯು ಅಷ್ಟು ಹೊತ್ತೂ ಮೌನವಾಗಿ ಕಾಯುತ್ತದೆ. ಆ ಕಾಯುವಿಕೆಯೂ ಸಂಗೀತದ ಒಂದು ಭಾಗವೆಂದೇ ರಸಿಕರು ತಿಳಿಯುತ್ತಾರೆ. ಅದೇ ಸಭಾಭವನದ ಹೊರಗಿನ ರಸ್ತೆಯಲ್ಲಿ ಮದುವೆಯ ಮೆರವಣಿಗೆಯು ಹೊರಡಬೇಕಾದಾಗ ಕಾರ್ನೆಟ್ಟಿನ ಮೌತ್‌ಪೀಸು ಬಿಗಿದಿದ್ದರೆ ಯಾರೂ ಕಾಯುವುದಿಲ್ಲ. ಮುಹೂರ್ತ ಕಾಯುವುದಿಲ್ಲ, ಬೀಗರು ಕಾಯುವುದಿಲ್ಲ. ಯಾರಾದರೂ ಒಬ್ಬರು ಇಕ್ಕಳವನ್ನು ತರುತ್ತಾರೆ. ಒಳಗಿನ ವಾದ್ಯಕ್ಕೆ ಸಲ್ಲುವ ತಾಳ್ಮೆಯು ಹೊರಗಿನ ವಾದ್ಯಕ್ಕೆ ಸಲ್ಲುವುದಿಲ್ಲ ಎಂಬುದೇ ಈ ಲೇಖನದ ಮುಖ್ಯ ವಿಷಯ.

ವಾದ್ಯ ತಯಾರಿಕೆಯ ಭೂಗೋಲವೂ ಇದಕ್ಕೆ ಪೂರಕವಾಗಿದೆ. ತಂಬೂರಿಗಳು ಸಿದ್ಧವಾಗುವ ಮಿರಜವು ಹುಬ್ಬಳ್ಳಿಯಿಂದ ಒಂದೇ ಹಗಲಿನಲ್ಲಿ ರೈಲಿನಲ್ಲಿ ತಲುಪಬಹುದಾದ ಊರು. ಬುರುಡೆ ಒಡೆದರೆ, ಕುದುರೆ ಸವೆದರೆ ಅಲ್ಲಿ ತಲೆಮಾರುಗಳಿಂದ ಕೈ ಪಳಗಿದ ಕುಶಲಕರ್ಮಿಗಳಿದ್ದಾರೆ. ಬ್ಯಾಂಡಿನ ಹಿತ್ತಾಳೆ ವಾದ್ಯಗಳಿಗೆ ಹೆಸರಾದ ಊರು ಉತ್ತರ ಪ್ರದೇಶದ ಮೀರತ್. ಅಲ್ಲಿನ ಜಲೀ ಕೋಠಿ ಎಂಬ ಕೇರಿಯಲ್ಲಿ, 1885ರಲ್ಲಿ ಆರಂಭವಾದ ನಾದಿರ್ ಅಲಿ ಕಂಪನಿಯೂ ಸೇರಿದಂತೆ, ಹಲವು ತಯಾರಕರು ದೇಶದ ಬ್ಯಾಂಡುಗಳಿಗೆ ವಾದ್ಯ ಒದಗಿಸುತ್ತ ಬಂದಿದ್ದಾರೆ. ಹುಬ್ಬಳ್ಳಿಯ ವಾದಕನಿಗೆ ಅದು ದೂರದ ದೇಶ. ಬಿಗಿದ ಮೌತ್‌ಪೀಸು ಹೊತ್ತುಕೊಂಡು ಅವನು ಮೀರತ್‌ಗೆ ಹೋಗಲಾರ. ಅವನು ಹೋಗುವುದು ಹತ್ತಿರದ ಸೈಕಲ್ ಅಂಗಡಿಗೆ, ವೆಲ್ಡಿಂಗ್ ಅಂಗಡಿಗೆ, ಇಲ್ಲವೇ ಪಾತ್ರೆಗೆ ಕಲಾಯಿ ಹಾಕುವವರ ಬಳಿಗೆ.

ಚಿಕಿತ್ಸೆಗೆ ಮೊದಲು ಅಂಗಗಳ ಹೆಸರುಗಳು ತಿಳಿದಿರಬೇಕು. ಮೌತ್‌ಪೀಸಿನಲ್ಲಿ ನಾಲ್ಕು ಭಾಗಗಳಿವೆ. ತುಟಿ ಊರುವ ಅಂಚು, ಉಸಿರು ತುಂಬುವ ಬಟ್ಟಲು, ಬಟ್ಟಲಿನ ತಳದ ಕಿರಿದಾದ ಕಂಠ, ಕಂಠದಿಂದ ಮುಂದಕ್ಕೆ ಚಾಚಿದ ತೊಟ್ಟು. ಹೂವಿಗೆ ತೊಟ್ಟಿರುವಂತೆ ಬಟ್ಟಲಿಗೆ ಈ ತೊಟ್ಟು. ಅದು ಹೋಗಿ ಕೂರುವ ತೋಳನ್ನು ಗೂಡು ಎನ್ನಬಹುದು. ಗೂಡಿನಿಂದ ಮುಂದಕ್ಕೆ ವಾದ್ಯದ ಮೊದಲ ಕೊಳವೆ, ಅಂದರೆ ಮುಂಗೊಳವೆ, ತೆಳುವಾದ ತಗಡಿನಿಂದ ಆದುದು. ಸಣ್ಣ ಆಸರೆಕಂಬಿಗಳ ಮೂಲಕ ಅದನ್ನು ವಾದ್ಯದ ಉಳಿದ ಮೈಗೆ ಬೆಸೆದಿರುತ್ತಾರೆ. ಈ ಬೆಸುಗೆಯು ತವರ ಮತ್ತು ಸೀಸಗಳ ಮೆದು ಬೆಸುಗೆ. ಮೌತ್‌ಪೀಸು ಗಟ್ಟಿ ಹಿತ್ತಾಳೆಯ ಕಡೆಯಲು; ಮುಂಗೊಳವೆಯಾದರೋ ಸುಕುಮಾರವಾದುದು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುತ್ತದೆ. ಬಿಗಿದಾಗ ಸೋಲುವುದು ಯಾವಾಗಲೂ ತೆಳುವಾದುದೇ.

ತೊಟ್ಟು ಮತ್ತು ಗೂಡುಗಳ ನಡುವೆ ತಿರುಪಿಲ್ಲ, ಮೊಳೆಯಿಲ್ಲ, ಅಂಟಿಲ್ಲ. ತೊಟ್ಟು ತುದಿಯ ಕಡೆಗೆ ಸಣ್ಣಗಾಗುತ್ತ ಹೋಗುತ್ತದೆ. ಗೂಡಿನ ಒಳಗೋಡೆಯೂ ಅದೇ ಅಳತೆಯಲ್ಲಿ ಕಿರಿದಾಗುತ್ತದೆ. ಟ್ರಂಪೆಟ್ಟಿನ ಜಾತಿಯ ವಾದ್ಯಗಳಲ್ಲಿ ಈ ಇಳಿತವು ಸುಮಾರು ಇಪ್ಪತ್ತಕ್ಕೆ ಒಂದು: 20 ಮಿಲಿಮೀಟರ್ ಉದ್ದ ಸಾಗಿದಾಗ ವ್ಯಾಸ 1 ಮಿಲಿಮೀಟರ್ ಕಡಿಮೆಯಾಗುತ್ತದೆ. ಗೋಡೆಯ ಓರೆಯು ಒಂದೂವರೆ ಡಿಗ್ರಿಗಿಂತ ಕಡಿಮೆ. ಇಷ್ಟು ಸಣ್ಣ ಓರೆಯಲ್ಲಿ ಲೋಹ-ಲೋಹಗಳ ಘರ್ಷಣೆಯೇ ಗೆಲ್ಲುತ್ತದೆ. ಒಳಗೆ ತಳ್ಳಿದ ವಸ್ತು ತಾನಾಗಿ ಹೊರಗೆ ಜಾರದು. ತಳ್ಳಿದ ಬಲಕ್ಕಿಂತ ಹಲವು ಪಟ್ಟು ಹೆಚ್ಚಿನ ಒತ್ತಡವು ಸುತ್ತಲಿನ ಗೋಡೆಯ ಮೇಲೆ ಬೀಳುತ್ತದೆ. ಬೆಣೆಯ ತತ್ತ್ವವೆಂದರೆ ಇದೇ. ಹಗುರವಾಗಿ ಇಟ್ಟರೆ ಗಾಳಿ ಸೋರದಷ್ಟು ಭದ್ರ, ಕೈಯಿಂದ ಹಿಡಿದೆಳೆದರೆ ಬಿಟ್ಟುಬರುವಷ್ಟು ಸುಲಭ, ಇದು ಆ ರಚನೆಯ ಗುಣ. ಅದೇ ಗುಣವು ಅತಿಯಾದಾಗ ದೋಷವಾಗುತ್ತದೆ.

ಹುಬ್ಬಳ್ಳಿಗೆ ಈ ತತ್ತ್ವ ಹೊಸತಲ್ಲ. 19ನೆಯ ಶತಮಾನದ ಎಂಬತ್ತರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಇಲ್ಲಿ ಕಾರ್ಯಾಗಾರವನ್ನು ತೆರೆದಂದಿನಿಂದ ಲೋಹ ಕಡೆಯುವ, ಕೊರೆಯುವ ಕೆಲಸವು ಈ ಊರಿನ ಜೀವನದ ಭಾಗವಾಗಿದೆ. ದೊಡ್ಡ ಡ್ರಿಲ್ಲುಗಳ ಹಿಂತುದಿಯೂ ಇಂಥದೇ ಇಳಿತದ ತೊಟ್ಟು. ಅಮೆರಿಕದ ಸ್ಟೀಫನ್ ಮೋರ್ಸ್ 1860ರ ದಶಕದಲ್ಲಿ ರೂಪಿಸಿದ ಈ ಅಳತೆಯನ್ನು ಟರ್ನರ್, ಫಿಟ್ಟರ್‌ಗಳೆಲ್ಲರೂ ಮೋರ್ಸ್ ಟೇಪರ್ ಎಂದು ಬಲ್ಲರು. ಅದರ ಓರೆಯೂ ಇಪ್ಪತ್ತಕ್ಕೆ ಒಂದರ ಆಸುಪಾಸಿನದೇ. ಆದರೆ ಯಂತ್ರದ ತೋಳಿಗೆ ಮೋರ್ಸ್ ಪದ್ಧತಿಯು ಒಂದು ಸೀಳುಕಂಡಿಯನ್ನು ಇಟ್ಟಿದೆ. ಆ ಕಂಡಿಯಲ್ಲಿ ಚಪ್ಪಟೆ ಬೆಣೆಯೊಂದನ್ನು ತೂರಿಸಿ ಮೆಲ್ಲನೆ ಬಡಿದರೆ ಡ್ರಿಲ್ಲು ನೇರವಾಗಿ ಕೆಳಗಿಳಿಯುತ್ತದೆ. ಬಿಗಿಯುವ ಸಾಧನವನ್ನು ಕಲ್ಪಿಸಿದವರೇ ಬಿಡಿಸುವ ದಾರಿಯನ್ನೂ ಕಲ್ಪಿಸಿದರು. ಕಾರ್ನೆಟ್ಟಿನ ಗೂಡಿಗೆ ಅಂಥ ಕಂಡಿಯನ್ನು ಇಡುವಂತಿಲ್ಲ. ಇಟ್ಟರೆ ಉಸಿರು ಅಲ್ಲಿಯೇ ಸೋರಿಹೋಗುತ್ತದೆ. ಆದುದರಿಂದ ಅಲ್ಲಿ ಬಿಡಿಸುವ ಹೊಣೆಯೆಲ್ಲವೂ ಬಳಸುವವನ ವಿವೇಕದ ಮೇಲೆ ಬಿದ್ದಿದೆ.

ನಮ್ಮ ವೈದ್ಯಗ್ರಂಥಗಳ ಕ್ರಮವನ್ನೇ ಅನುಸರಿಸಿ ಇನ್ನು ನಿದಾನ, ಅಪಥ್ಯ, ಚಿಕಿತ್ಸೆಗಳನ್ನು ನೋಡಬಹುದು.

ನಿದಾನಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಅಂಗೈಯ ಹೊಡೆತ. ಮೌತ್‌ಪೀಸನ್ನು ಗೂಡಿನಲ್ಲಿಟ್ಟು ಬಟ್ಟಲಿನ ಮೇಲೆ ಅಂಗೈಯಿಂದ ತಟ್ಟಿದರೆ ‘ಪೊಕ್’ ಎಂಬ ಒಂದು ಮೋಜಿನ ಸದ್ದು ಹೊರಡುತ್ತದೆ. ಕಲಿಯುವ ಹುಡುಗರು ಈ ಸದ್ದಿಗಾಗಿಯೇ ಮತ್ತೆ ಮತ್ತೆ ತಟ್ಟುತ್ತಾರೆ. ಪ್ರತಿಯೊಂದು ತಟ್ಟೂ ಬೆಣೆಯ ಮೇಲಿನ ಸುತ್ತಿಗೆಯ ಏಟು. ಎರಡನೆಯದು ಪತನ. ವಾದ್ಯವು ಮುಖಡಿಯಾಗಿ ಬಿದ್ದು ಮೌತ್‌ಪೀಸೇ ಮೊದಲು ನೆಲಕ್ಕೆ ತಾಗಿದರೆ ತೊಟ್ಟು ಆಳಕ್ಕೆ ಇಳಿಯುವುದಲ್ಲದೆ ಗೂಡಿನ ದುಂಡುತನವೂ ಕೆಡಬಹುದು. ಮೂರನೆಯದು ವಿಜಾತಿಯ ಸಂಬಂಧ. ಒಂದು ವಾದ್ಯದ ಮೌತ್‌ಪೀಸನ್ನು ಬೇರೊಂದರ ಗೂಡಿಗೆ ಒತ್ತಾಯದಿಂದ ಸೇರಿಸುವುದು, ಸಡಿಲವಿದ್ದರೆ ಕಾಗದವನ್ನೋ ನೂಲನ್ನೋ ಸುತ್ತಿ ತುರುಕುವುದು. ನಾಲ್ಕನೆಯದು ಕಿಲುಬು. ಉಸಿರಿನ ತೇವ, ಎಂಜಲಿನ ಉಪ್ಪು, ಗಾಳಿ ಇವು ಮೂರೂ ಕೂಡಿದಲ್ಲಿ ಹಿತ್ತಾಳೆಯ ತಾಮ್ರಾಂಶವು ಹಸಿರುಗಟ್ಟುತ್ತದೆ. ತೊಟ್ಟು-ಗೂಡುಗಳ ಸಂದಿನಲ್ಲಿ ಬೆಳೆದ ಕಿಲುಬು ಎರಡನ್ನೂ ಗಾರೆಯಂತೆ ಕಚ್ಚಿ ಹಿಡಿಯುತ್ತದೆ.

ಈ ನಾಲ್ಕನೆಯ ನಿದಾನಕ್ಕೂ ನಮ್ಮ ಪಂಚಾಂಗಕ್ಕೂ ಸಂಬಂಧವಿದೆ. ಯುಗಾದಿಯಿಂದ ಮುಂಗಾರಿನವರೆಗೆ ಮದುವೆಗಳ ಹಂಗಾಮು. ಬಿಸಿಲು, ಧೂಳು, ದಿನಕ್ಕೆರಡು ಮೆರವಣಿಗೆ. ವಾದ್ಯವು ಕೈಯಿಂದ ಇಳಿಯುವುದೇ ಅಪರೂಪ. ಆಷಾಢ ಬಂತೆಂದರೆ ಶುಭಕಾರ್ಯಗಳಿಲ್ಲ. ಹಂಗಾಮಿನ ಕೊನೆಯ ದಿನದ ಎಂಜಲು, ಬೆವರು, ಧೂಳುಗಳೊಡನೆ ವಾದ್ಯವನ್ನು ಹಾಗೆಯೇ ಗೂಟಕ್ಕೆ ತೂಗುಹಾಕಿದರೆ ಮಳೆಗಾಲದ ತೇವವು ಉಳಿದ ಕೆಲಸವನ್ನು ಮಾಡುತ್ತದೆ. ಭಾದ್ರಪದದ ಗಣಪತಿಗೆ ಇಳಿಸಿದಾಗ, ಇಲ್ಲವೇ ತುಳಸಿ ಲಗ್ನದ ನಂತರದ ಮೊದಲ ಮದುವೆಗೆ ಇಳಿಸಿದಾಗ, ಮೌತ್‌ಪೀಸು ಅಲುಗುವುದಿಲ್ಲ. ರೋಗವು ತಲೆದೋರಿದ್ದು ಕಾರ್ತಿಕದಲ್ಲಿ. ಬೀಜ ಬಿದ್ದದ್ದು ಜ್ಯೇಷ್ಠದಲ್ಲಿ.

ಅಪಥ್ಯಗಳಲ್ಲಿ ಅಗ್ರಸ್ಥಾನ ಇಕ್ಕಳಕ್ಕೆ ಸಲ್ಲಬೇಕು. ಮೌತ್‌ಪೀಸನ್ನು ಇಕ್ಕಳದಿಂದ ಹಿಡಿದು, ವಾದ್ಯದ ಅಗಲವಾದ ಬಾಯಿಯನ್ನು ಕಂಕುಳಲ್ಲಿ ಅವುಚಿ ತಿರುಚಿದರೆ ತಿರುಚಿದ ಬಲವು ಬಿಗಿದ ಜಾಗವನ್ನು ಬಿಟ್ಟು ತೆಳುವಾದ ಮುಂಗೊಳವೆಗೆ ಹೋಗುತ್ತದೆ. ಕೊಳವೆಯು ಒದ್ದೆಬಟ್ಟೆ ಹಿಂಡಿದಂತೆ ಹಿಂಡಿಕೊಳ್ಳುತ್ತದೆ. ಆಸರೆಕಂಬಿಗಳ ಬೆಸುಗೆ ಬಿಟ್ಟುಹೋಗುತ್ತದೆ. ಇಳಿತದ ಕೂಟದಲ್ಲಿ ತಿರುಪಿಲ್ಲವಾದ್ದರಿಂದ ತಿರುವುವುದರಿಂದ ಅದು ಹೊರಬರುವುದೂ ಇಲ್ಲ. ತಿರುವುತ್ತ ತುಸು ಒತ್ತು ಬಿದ್ದರೂ ಇನ್ನಷ್ಟು ಒಳಕ್ಕೇ ಇಳಿಯುತ್ತದೆ. ಎರಡನೆಯ ಅಪಥ್ಯ ವೈಸ್‌ನಲ್ಲಿ ಕಚ್ಚಿಸಿ ವಾದ್ಯವನ್ನೇ ತಿರುಗಿಸುವುದು. ಇದು ಮೊದಲನೆಯದರ ದೊಡ್ಡಣ್ಣ. ಮೂರನೆಯದು ಬೆಂಕಿಯ ಜ್ವಾಲೆ. ತವರ-ಸೀಸಗಳ ಬೆಸುಗೆಯು ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಿಂದಲೇ ಕರಗತೊಡಗುತ್ತದೆ; ಗ್ಯಾಸಿನ ಜ್ವಾಲೆಗೆ ಅದು ಯಾವ ಲೆಕ್ಕ? ಮೌತ್‌ಪೀಸು ಬಿಡುವ ಮುನ್ನವೇ ವಾದ್ಯವು ಬಿಟ್ಟುಕೊಳ್ಳುತ್ತದೆ. ನಾಲ್ಕನೆಯದು ಹುಣಿಸೆಹುಳಿ. ದೇವರ ಪಾತ್ರೆಗಳನ್ನು ಬೆಳಗುವ ಹುಣಿಸೆಯು ಹೊರಮೈಯ ಕಿಲುಬಿಗೆ ಒಳ್ಳೆಯದೇ ಆದರೂ ಸಂದಿಯೊಳಗೆ ಇಳಿದು ಉಳಿದ ಹುಳಿಯು ತೊಳೆಯಲಾಗದೆ ಲೋಹವನ್ನೇ ತಿನ್ನುತ್ತದೆ.

ಇಷ್ಟು ಅಪಥ್ಯಗಳಿಗೂ ಮೂಲ ಒಂದೇ, ಅವಸರ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಆದರೆ ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿಯೊಂದಿದೆ: ಮೌತ್‌ಪೀಸು ಬಿಗಿದ ವಾದ್ಯವು ಮೂಕವಾದ ವಾದ್ಯವಲ್ಲ. ಅದು ಎಂದಿನಂತೆ ನುಡಿಯುತ್ತದೆ. ಆ ಸಂಜೆಯ ಮೆರವಣಿಗೆಯನ್ನು ಅದರಿಂದಲೇ ಮುಗಿಸಬಹುದು. ಬಿಡಿಸಬೇಕಾದ ಕಾರಣಗಳು ಬೇರೆ: ಒಳಗನ್ನು ತೊಳೆಯಲಾಗುವುದಿಲ್ಲ, ಪೆಟ್ಟಿಗೆಯ ಮುಚ್ಚಳ ಹಾಕಿದಾಗ ಚಾಚಿಕೊಂಡ ತುದಿಯ ಮೇಲೆ ಒತ್ತು ಬಿದ್ದು ಮುಂಗೊಳವೆ ಬಾಗುತ್ತದೆ, ಹಲವರು ಊದುವ ವಾದ್ಯವಾದರೆ ಒಬ್ಬನ ಎಂಜಲು ಇನ್ನೊಬ್ಬನಿಗೆ ತಾಗುತ್ತದೆ, ಒಳಗಿನ ತೇವವು ಉಳಿದು ಮುಂಗೊಳವೆಯ ಸತುವಿನಂಶವನ್ನು ತಿಂದು ಕೆಂಪು ಚುಕ್ಕೆಗಳ ಕ್ಷಯವನ್ನು ಹಚ್ಚುತ್ತದೆ. ಇವೆಲ್ಲವೂ ನಿಧಾನದ ಕೇಡುಗಳು. ನಾಳೆ, ನಾಡಿದ್ದು ನಿವಾರಿಸಬಹುದಾದುವು. ಇಕ್ಕಳ ಮಾಡುವ ಕೇಡು ಒಂದು ಕ್ಷಣದ್ದು, ಅದನ್ನು ನಿವಾರಿಸಲು ಮುಂಗೊಳವೆಯನ್ನೇ ಬದಲಿಸಬೇಕು. ಕಾಯಬಹುದಾದ ರೋಗಕ್ಕೆ ಕಾಯಲಾರದ ಚಿಕಿತ್ಸೆ ಮಾಡುವುದರಿಂದಲೇ ಹಾನಿ ಸಂಭವಿಸುತ್ತದೆ.

ಚಿಕಿತ್ಸೆಯ ಮೊದಲ ಹೆಜ್ಜೆ ಎಣ್ಣೆ. ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು, ಇಲ್ಲದಿದ್ದರೆ ಸೀಮೆಎಣ್ಣೆಯನ್ನು, ತೊಟ್ಟು ಗೂಡಿಗೆ ಇಳಿಯುವ ಅಂಚಿನ ಸುತ್ತ ಹನಿಹನಿಯಾಗಿ ಬಿಟ್ಟು, ಮೌತ್‌ಪೀಸು ಮೇಲ್ಮುಖವಾಗುವಂತೆ ವಾದ್ಯವನ್ನು ಒಂದು ರಾತ್ರಿ ಇಡಬೇಕು. ಸಂದಿಯು ಎಷ್ಟೇ ಕಿರಿದಾದರೂ ತೆಳುವಾದ ದ್ರವವು ಅದರಲ್ಲಿ ತಾನಾಗಿ ಹರಿದು ಸೇರುತ್ತದೆ. ಕಿಲುಬಿನಿಂದ ಬಿಗಿದುದಕ್ಕೆ ಇದು ವಿಶೇಷವಾಗಿ ಹಿತ.

ಎರಡನೆಯದು ತಟ್ಟುವಿಕೆ. ಮರದ ಇಲ್ಲವೇ ತೊಗಲಿನ ಸಣ್ಣ ಕೊಡತಿಯಿಂದ ಗೂಡಿನ ಹೊರಮೈಯನ್ನು ಸುತ್ತಲೂ ಹಗುರವಾಗಿ ತಟ್ಟುತ್ತ, ಇನ್ನೊಂದು ಕೈಯಿಂದ ಮೌತ್‌ಪೀಸನ್ನು ನೇರವಾಗಿ ಹೊರಕ್ಕೆ ಎಳೆಯುತ್ತಿರಬೇಕು. ವಾದ್ಯವನ್ನು ಗೂಡಿನ ಸಮೀಪದಲ್ಲಿಯೇ ಹಿಡಿದಿರಬೇಕು. ದೂರದ ಬಾಯಿಯನ್ನು ಹಿಡಿದರೆ ಕೊಳವೆ ಬಾಗುತ್ತದೆ. ಏಟಿನ ಉದ್ದೇಶ ಒಡೆಯುವುದಲ್ಲ, ನಡುಗಿಸುವುದು. ನಡುಕದ ಒಂದು ಕ್ಷಣದಲ್ಲಿ ಘರ್ಷಣೆಯ ಹಿಡಿತವು ಸಡಿಲುತ್ತದೆ. ಆ ಕ್ಷಣದಲ್ಲಿ ಎಳೆತವೂ ಇದ್ದರೆ ತೊಟ್ಟು ಕೂದಲೆಳೆಯಷ್ಟು ಸರಿಯುತ್ತದೆ. ಇಳಿತದ ಕೂಟದ ಔದಾರ್ಯವೆಂದರೆ, ಒಮ್ಮೆ ಅಷ್ಟು ಸರಿದರೆ ಸಾಕು, ಉಳಿದುದೆಲ್ಲ ತಾನಾಗಿ ಬಿಡುಗಡೆಯಾಗುತ್ತದೆ. ತಿರುಪಿನಂತೆ ಸುತ್ತು ಸುತ್ತಾಗಿ ಬಿಚ್ಚಬೇಕಾಗಿಲ್ಲ.

ಮೂರನೆಯದು ಶೀತೋಷ್ಣ. ಹಿತ್ತಾಳೆಯು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 19 ಪಾಲು ಹಿಗ್ಗುತ್ತದೆ. ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಗೂಡಿನ ಹೊರಗೆ ಸುತ್ತಿ, ಬಟ್ಟಲಿನಲ್ಲಿ ಮಂಜುಗಡ್ಡೆ ಇಟ್ಟರೆ, ಎರಡರ ನಡುವೆ 60 ಡಿಗ್ರಿಗಳ ಅಂತರ ಉಂಟಾಯಿತೆಂದು ಇಟ್ಟುಕೊಳ್ಳೋಣ. 10 ಮಿಲಿಮೀಟರ್ ವ್ಯಾಸದ ಗೂಡು ಆಗ ತೊಟ್ಟಿಗಿಂತ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಅಗಲವಾಗುತ್ತದೆ. ಕಣ್ಣಿಗೆ ಕಾಣದ ಈ ಹಿಗ್ಗನ್ನು ಇಪ್ಪತ್ತಕ್ಕೆ ಒಂದರ ಇಳಿತದಿಂದ ಭಾಗಿಸಿದರೆ ಉದ್ದದ ದಿಕ್ಕಿನಲ್ಲಿ ಸುಮಾರು ಕಾಲು ಮಿಲಿಮೀಟರ್ ಹಿಂದೆ ಸರಿದಷ್ಟು ಸಡಿಲ ದೊರೆತಂತಾಯಿತು. ರಾಜಾದಿತ್ಯನ ‘ವ್ಯವಹಾರಗಣಿತ’ವನ್ನು ಓದುವ ವಿದ್ಯಾರ್ಥಿಗೆ ಇದೊಂದು ಸರಳವಾದ ತ್ರೈರಾಶಿಕ. ಆದರೆ ಬಿಸಿಯು ಲೋಹದಿಂದ ಲೋಹಕ್ಕೆ ಬೇಗ ಹರಡುತ್ತದೆ. ಗೂಡಿನೊಡನೆ ತೊಟ್ಟೂ ಕಾದರೆ ಲಾಭವಿಲ್ಲ. ಬಟ್ಟೆ ಸುತ್ತಿದೊಡನೆಯೇ ಎಳೆಯಬೇಕು. ಅವಸರವು ಗುಣವಾಗುವ ಸಂದರ್ಭ ಇದೊಂದೇ.

ನಾಲ್ಕನೆಯದು, ಶಸ್ತ್ರಚಿಕಿತ್ಸೆಗೆ ಸಮನಾದುದು, ಮೌತ್‌ಪೀಸ್ ಪುಲ್ಲರ್ ಎಂಬ ಪುಟ್ಟ ಸಾಧನ. ಎರಡು ಸೀಳುಪಟ್ಟಿಗಳು, ಒಂದು ಗೂಡಿನ ಅಂಚಿಗೆ ಒತ್ತಿ ನಿಲ್ಲುತ್ತದೆ, ಇನ್ನೊಂದು ಮೌತ್‌ಪೀಸಿನ ಬಟ್ಟಲಿನ ಹಿಂಭಾಗವನ್ನು ಆತುಕೊಳ್ಳುತ್ತದೆ. ಎರಡರ ನಡುವಿನ ತಿರುಪುಗಳನ್ನು ಇತ್ತ ಅರ್ಧ ಸುತ್ತು, ಅತ್ತ ಅರ್ಧ ಸುತ್ತು ಸಮಸಮವಾಗಿ ಬಿಗಿಸುತ್ತ ಹೋದಂತೆ ಪಟ್ಟಿಗಳು ದೂರ ಸರಿಯುತ್ತವೆ. ತೊಟ್ಟು ತನ್ನ ಅಕ್ಷದ ನೇರದಲ್ಲಿಯೇ ಹೊರಬರುತ್ತದೆ. ಬಲವು ಇಕ್ಕಳದಲ್ಲಿ ಇದ್ದುದಕ್ಕಿಂತ ಕಡಿಮೆಯೇನಲ್ಲ. ಭೇದವಿರುವುದು ಬಲದ ದಿಕ್ಕಿನಲ್ಲಿ ಮತ್ತು ಅದು ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿ. ಪುಲ್ಲರು ಗೂಡನ್ನೂ ಬಟ್ಟಲನ್ನೂ ಎದುರುಬದುರು ನಿಲ್ಲಿಸುತ್ತದೆ; ಈ ಜಗಳದಲ್ಲಿ ಭಾಗವೇ ಇಲ್ಲದ ಮುಂಗೊಳವೆಯನ್ನು ಅದು ಎಳೆದು ತರುವುದಿಲ್ಲ.

ಸಂಶೋಧನ ವಿದ್ಯಾರ್ಥಿಗಳಿಗೆ ಈ ವಿವೇಕವು ಬೇರೊಂದು ಕಡೆಯಿಂದ ಪರಿಚಿತವಾಗಿರಬೇಕು. ಶತಮಾನಗಳ ತೇವವುಂಡ ತಾಳೆಯೋಲೆಯ ಕಟ್ಟುಗಳಲ್ಲಿ ಗರಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಉಗುರು ತೂರಿಸಿ ಎಬ್ಬಿಸಿದರೆ ಗರಿಯೊಡನೆ ಅಕ್ಷರವೂ ಕಿತ್ತುಬರುತ್ತದೆ. ಹದವಾದ ತೇವವನ್ನು ಊಡಿಸಿ, ಕಾದು, ತೆಳುವಾದ ಮೊಂಡು ಪಟ್ಟಿಯಿಂದ ಅಂಚಿನಿಂದ ಅಂಚಿಗೆ ಬಿಡಿಸಬೇಕು. ಆಮೇಲೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರಿ ಗರಿಗೆ ಬಳುಕನ್ನು ಮರಳಿಸಬೇಕು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದ ‘ಧವಲಾ’ ಟೀಕೆಯು 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಅಚ್ಚಾಗತೊಡಗಿತು. ಆ ಗರಿಗಳನ್ನು ಕಾಪಾಡಿದವರ, ಬಿಡಿಸಿ ಓದಿದವರ, ಪ್ರತಿಮಾಡಿದವರ ಕೈಗಳ ತಾಳ್ಮೆಯಿಲ್ಲದಿದ್ದರೆ ಸಂಪಾದನೆಗೆ ಏನೂ ಉಳಿಯುತ್ತಿರಲಿಲ್ಲ. ಅದೇ ವರ್ಷ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯಲ್ಲಿಯೂ ಹಸ್ತಪ್ರತಿಗಳಿವೆ. ಹಸ್ತಪ್ರತಿಯನ್ನು ಬಿಡಿಸುವ ಕೈಗೆ ನಾವು ಪಾಂಡಿತ್ಯದ ಗೌರವವನ್ನು ಕೊಟ್ಟಿದ್ದೇವೆ. ಹಿತ್ತಾಳೆಯನ್ನು ಬಿಡಿಸುವ ಕೈಯಲ್ಲಿರುವುದೂ ಅದೇ ಜಾತಿಯ ತಿಳಿವಳಿಕೆ. ಅದಕ್ಕೆ ಸಿಕ್ಕಿರುವ ಹೆಸರು ಮಾತ್ರ ‘ರಿಪೇರಿ’.

ಇದರಲ್ಲಿ ಪಣಕ್ಕಿರುವುದು ಮರ್ಯಾದೆಯೊಂದೇ ಅಲ್ಲ. ಭಾರತದ ಮದುವೆ ಬ್ಯಾಂಡುಗಳನ್ನು ಕುರಿತು ಗ್ರೆಗರಿ ಬೂತ್ ಅವರು 2005ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವು ಈ ವೃತ್ತಿಯ ಕಷ್ಟವನ್ನು ವಿವರವಾಗಿ ದಾಖಲಿಸಿದೆ. ವಾದ್ಯ, ಸಮವಸ್ತ್ರಗಳು ಸಾಮಾನ್ಯವಾಗಿ ಕಂಪನಿಯ ಮಾಲೀಕನವು. ತುಟಿ ಮತ್ತು ಉಸಿರುಗಳಷ್ಟೇ ವಾದಕನ ಸ್ವಂತದ್ದು. ದುಡಿಮೆ ಹಂಗಾಮಿನದು. ವರ್ಷದ ಅನ್ನವನ್ನು ಕೆಲವೇ ತಿಂಗಳುಗಳ ಮುಹೂರ್ತಗಳಲ್ಲಿ ಗಳಿಸಬೇಕಾದವನಿಗೆ, ಮುಹೂರ್ತದ ದಿನವೇ ಮುಂಗೊಳವೆ ತಿರುಚಿಹೋದರೆ ಅದು ಲೋಹದ ನಷ್ಟವಾಗಿ ನಿಲ್ಲುವುದಿಲ್ಲ. ಧ್ವನಿವರ್ಧಕದ ಗೋಡೆಗಳನ್ನು ಹೇರಿಕೊಂಡ ಡಿ.ಜೆ. ವಾಹನಗಳು ಮೆರವಣಿಗೆಗಳಲ್ಲಿ ಬ್ಯಾಂಡಿನ ಜಾಗವನ್ನು ಆಕ್ರಮಿಸುತ್ತಿರುವ ಈ ದಿನಗಳಲ್ಲಿ, ಒಂದು ಹಂಗಾಮಿನ ಮಟ್ಟಿಗೆ ಮೂಲೆ ಸೇರಿದ ಕಾರ್ನೆಟ್ಟು ಮತ್ತೆ ಹೊರಬರುವ ಭರವಸೆಯಿಲ್ಲ. ವಾದ್ಯ ಹೋದರೆ ವಾದಕನೂ ಬೇರೆ ಕೂಲಿಗೆ ಹೋಗುತ್ತಾನೆ. ಅವನೊಡನೆ ಅವನ ತುಟಿಯ ಅಭ್ಯಾಸವೂ, ಅವನ ಕಿವಿಯಲ್ಲಿದ್ದ ಹಾಡುಗಳೂ ಹೋಗುತ್ತವೆ.

ಮಾತುಗಳೂ ಹೋಗುತ್ತವೆ. ಈ ಲೇಖನದಲ್ಲಿ ತೊಟ್ಟು, ಗೂಡು, ಮುಂಗೊಳವೆ ಎಂದು ಬಳಸಿದ ಪದಗಳು ವಿವರಣೆಯ ಅನುಕೂಲಕ್ಕಾಗಿ ಆಯ್ದವು. ಬ್ಯಾಂಡಿನ ಕೋಣೆಗಳಲ್ಲಿ, ಕಲಾಯಿ ಅಂಗಡಿಗಳಲ್ಲಿ, ವೆಲ್ಡಿಂಗ್ ಅಂಗಡಿಗಳಲ್ಲಿ ಕೆಲಸಗಾರರು ತಮ್ಮತಮ್ಮೊಳಗೆ ಬಳಸುವ ಮಾತುಗಳು ಇವಕ್ಕಿಂತ ಜೀವಂತವಾದುವು. ಕನ್ನಡ, ಉರ್ದು, ಮರಾಠಿ, ಇಂಗ್ಲಿಷುಗಳು ಬೆರೆತ ಹುಬ್ಬಳ್ಳಿಯ ಆಡುಮಾತಿನಲ್ಲಿ ಸಂದಿಗೆ, ಓರೆಗೆ, ಕಿಲುಬಿಗೆ, ಹದವಾದ ಏಟಿಗೆ ಯಾವ ಹೆಸರುಗಳಿವೆ ಎಂಬುದನ್ನು ವೃತ್ತಿಪದಕೋಶದ ಆಸಕ್ತಿಯುಳ್ಳ ಒಬ್ಬ ವಿದ್ಯಾರ್ಥಿಯು ಒಂದು ಆಷಾಢದ ಬಿಡುವಿನಲ್ಲಿ ಕುಳಿತು ಬರೆದುಕೊಳ್ಳಬಹುದು. ಆಗ ವಾದಕರಿಗೂ ಬಿಡುವಿರುತ್ತದೆ. ಕೀರ್ತಿವರ್ಮನು ದನಕಾಯುವವರ ಜ್ಞಾನವನ್ನೂ ಮಂಗರಸನು ಅಡುಗೆಮನೆಯ ಜ್ಞಾನವನ್ನೂ ಗ್ರಂಥಕ್ಕೆ ತಂದದ್ದು ಇಂಥ ಕೇಳಿಕೆಯ ಮೂಲಕವೇ ಇದ್ದೀತು.

ಅಷ್ಟರವರೆಗೆ, ಎಲ್ಲ ವೈದ್ಯಗಳಿಗೂ ಮಿಗಿಲಾದುದು ದಿನಚರಿ. ಊದಿ ಮುಗಿದೊಡನೆ ಮೌತ್‌ಪೀಸನ್ನು ತೆಗೆಯಬೇಕು. ತೊಟ್ಟನ್ನೂ ಗೂಡಿನ ಒಳಗನ್ನೂ ಒಣಬಟ್ಟೆಯಿಂದ ಒರೆಸಬೇಕು. ವಾರಕ್ಕೊಮ್ಮೆ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆಯಬೇಕು. ಮತ್ತೆ ಇಡುವಾಗ ಎರಡು ಬೆರಳುಗಳಿಂದ ಹಿಡಿದು, ಅಂಗೈಯನ್ನು ದೂರವಿಟ್ಟು, ಹಗುರವಾಗಿ ಕೂರಿಸಿ ಅಲ್ಲಿಗೇ ಬಿಡಬೇಕು. ಗಾಳಿ ಸೋರದಿರಲು ಅಷ್ಟು ಬಿಗಿ ಸಾಕು.